ಹೊಂಗೆಮರದ ಏಳು ಕುಡಿಕೆ

ಸೊಳ್ಳೆ ಹಿಡಿಯುವುದು ನನ್ನ ಕೆಲಸ. ಆರೋಗ್ಯ ಇಲಾಖೆಯಲ್ಲಿ ಅದಕ್ಕೆ ಕೀಟ ಸಂಗ್ರಾಹಕ ಎಂಬ ಘನವಾದ ಹೆಸರಿದೆ. ನಮ್ಮೂರಲ್ಲಿ ಸೊಳ್ಳೆ ಸಾಹೇಬ ಎನ್ನುತ್ತಾರೆ. ನಿಂತ ನೀರು ಮೊಗೆದು ನೋಡಲು ಒಂದು ಸೌಟು, ಒಂದು ಟಾರ್ಚು, ಹತ್ತಾರು ಬಾಟಲಿ ಚೀಲಕ್ಕೆ ತುಂಬಿಕೊಂಡು ಹೆಗ್ಗಡದೇವನಕೋಟೆಯಿಂದ ಕಾಡಂಚಿನ ಬಸ್ಸು ಹತ್ತುತ್ತೇನೆ. ಮರದ ಪೊಟರೆಯಲ್ಲಿ ನೀರು ನಿಂತಿದ್ದರೆ ನನಗೆ ಹಬ್ಬ.

ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯ ಅಧಿಕಾರಿಯೊಬ್ಬರು ಹೇಳಿಕೊಟ್ಟ ಪಾಠ ಇನ್ನೂ ಮರೆತಿಲ್ಲ. ಊರಲ್ಲಿ ಜ್ವರ ನಿಂತಿತೆಂದರೆ ವೈರಸ್ಸು ಸತ್ತಿತು ಅಂತ ಅರ್ಥವಲ್ಲ. ಬೇರೆ ದೇಶಗಳ ಕಾಡುಗಳಲ್ಲಿ ಕೆಲವು ವೈರಸ್ಸು ಕೋತಿಗಳಲ್ಲೇ ಓಡಾಡಿಕೊಂಡು ಕಾಲ ಹಾಕುತ್ತವೆ. ಪೊಟರೆಯ ಸೊಳ್ಳೆ ಒಂದು ಕೋತಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಒಮ್ಮೆ ಬಂದು ವಾಸಿಯಾದ ಕೋತಿಗೆ ಅದೇ ಜ್ವರ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆಗ ವೈರಸ್ಸು ಪಕ್ಕದ ಹಿಂಡಿಗೆ ಹೋಗುತ್ತದೆ. ಮೊದಲಿನ ಹಿಂಡಿನಲ್ಲಿ ಹೊಸ ಮರಿಗಳು ಹುಟ್ಟಿದ ಮೇಲೆ ಮರಳಿ ಬರುತ್ತದೆ. ಬೇಸಿಗೆಯಲ್ಲಿ ಪೊಟರೆಯ ಒಣಗೋಡೆಗೆ ಅಂಟಿದ ಸೊಳ್ಳೆಮೊಟ್ಟೆಯೊಳಗೂ ಅದು ಮಳೆಗಾಗಿ ಕಾಯಬಲ್ಲದು. ನಮ್ಮ ಕಾಡಲ್ಲೂ ಹೀಗೇ ನಡೆಯುತ್ತಿದೆಯೇ ಎಂದು ಕೇಳಿದ್ದೆ. "ಗೊತ್ತಿಲ್ಲ, ಅದಕ್ಕೇ ನಿನಗೆ ಸೌಟು ಕೊಟ್ಟಿರೋದು" ಎಂದರು.

ಇದನ್ನು ಕಲಿತು, ನೀರು ನಿಲ್ಲಲು ಬಿಡಬೇಡಿ ಎಂದು ಊರೂರಿಗೂ ಪಾಠ ಹೇಳುತ್ತಿದ್ದವನು ನಾನು. ಮನೆ ಗೆದ್ದು ಮಾರು ಗೆಲ್ಲು ಅನ್ನುವುದು ಸುಮ್ಮನೆ ಅಲ್ಲ.

ಹೋದ ವರ್ಷ ನಮ್ಮವ್ವ ತಾರಸಿಯ ಮೇಲೆ ಕಡ್ಲೆಕಾಯಿ ಒಣಹಾಕಿದ್ದಳು. ಕೋತಿಹಿಂಡು ಬಂತು. ಒಂದು ತಾಯಿಕೋತಿ ಮರಿಯನ್ನು ಮೋಟುಗೋಡೆಯ ಮೇಲೆ ಕೂರಿಸಿ ಕಡ್ಲೆಕಾಯಿಗೆ ಕೈ ಹಾಕಿತು. ಅವ್ವ ಪೊರಕೆ ಎತ್ತಿ ಗದರಿಸಿದಳು. ಹೆದರಿ ಹಾರಿದ ಕೋತಿ ಕರೆಂಟು ತಂತಿಗೆ ತಗುಲಿ ಅಲ್ಲೇ ಸತ್ತಿತು. ಬಾಲದ ತುದಿ ಮೊಂಡಾಗಿದ್ದ ಆ ಮರಿಯನ್ನು ಇನ್ನೊಂದು ಕೋತಿ ಎತ್ತಿಕೊಂಡು ಓಡಿತು.

ನಮ್ಮ ಕಡೆ ಕೋತಿ ಸತ್ತರೆ ಆಂಜನೇಯನೇ ಸತ್ತಂತೆ. ಊರವರು ಹೂವಿನ ಹಾರ ಹಾಕಿ, ತಮಟೆ ಬಡಿಸಿ, ತೋಪಿನ ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದರು. ಮೂರನೇ ದಿನ ಹಾಲುತುಪ್ಪವೂ ಆಯಿತು. ಅವ್ವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನುವುದಕ್ಕೆ ಅವಳಿಗೆ ಅವಳೇ ಸಾಕಾಗಿದ್ದಳು. "ತಾಯ್ನ ಕೊಂದ್ಬುಟ್ಟೆ ಕಣ್ಲಾ" ಎಂದು ಗೋಡೆ ನೋಡಿಕೊಂಡು ಕೂತಳು. ಅಂದಿನಿಂದ ಕಡ್ಲೆಕಾಯಿ ಬಾಯಿಗೆ ಹಾಕಲಿಲ್ಲ. ಆಮೇಲೆ ಏಳು ಮಣ್ಣಿನ ಕುಡಿಕೆ ತಂದು ಹೊಂಗೆಮರದ ಕೊಂಬೆಗಳಿಗೆ ಕಟ್ಟಿ, ಕೋತಿಗಳಿಗೆಂದು ನೀರು ತುಂಬಿಸತೊಡಗಿದಳು. ಆ ಮರಿ ಒಂದು ದಿನ ಬಂದು ಕುಡಿದರೆ ಪಾಪ ಕಳೆಯಿತು ಅಂತ ಅವಳ ಲೆಕ್ಕ.

ಕೊಟ್ಟ ನೀರನ್ನು ಚೆಲ್ಲಬಾರದು ಎಂಬುದೂ ಅವಳ ನೇಮ. ದಿನವೂ ಹಳೇ ನೀರಿನ ಮೇಲೇ ಹೊಸ ನೀರು ಹಾಕುತ್ತಿದ್ದಳು. ತಿಂಗಳ ಮೇಲೆ ನಾನು ಸೌಟು ಅದ್ದಿ ನೋಡಿದರೆ ಏಳರಲ್ಲೂ ಸೊಳ್ಳೆಮರಿ ಮಿಜಿಗುಡುತ್ತಿದ್ದವು. ಕಾಡಿನ ಕೋತಿಯೂ ಊರಿನ ಜನವೂ ಸೇರುವ ಜಾಗದಲ್ಲೇ ಸೊಳ್ಳೆಮರಿ! ನನಗೆ ಪಿತ್ತ ನೆತ್ತಿಗೇರಿತು.

"ಅವ್ವಾ, ಕೋತಿಗೆ ನೀರಿಕ್ತಿಲ್ಲ ನೀನು, ಸೊಳ್ಳೆ ಸಾಕ್ತಿದೀಯ! ಎಲ್ಲಾ ಒಡೆದಾಕ್ತೀನಿ!"

"ಒಡಿ. ನನ್ನೂ ಅಲ್ಲೇ ಮಣ್ ಮಾಡ್ಬುಡು" ಎಂದಳು. ಆ ದಿನ ಅವಳು ಉಣ್ಣಲಿಲ್ಲ. ನಾನೂ ಮುದ್ದೆ ಮುಚ್ಚಿಟ್ಟು ಎದ್ದೆ. ಅಷ್ಟು ಒರಟಾಗಿ ಮಾತಾಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಸಂತೆಗೆ ಹೋದಾಗ ಕದ್ದು ಏಳನ್ನೂ ಬಗ್ಗಿಸಿ ಬೇರೆ ನೀರು ತುಂಬಿಸಿದೆ. ವಾರದೊಳಗೆ ಮತ್ತೆ ಸೊಳ್ಳೆಮರಿಗಳು! ಮೊಟ್ಟೆ ಕುಡಿಕೆಯ ಒಳಗೋಡೆಗೆ ಅಂಟಿರುತ್ತದೆ, ಉಜ್ಜದೆ ಹೋಗದು ಎಂದು ಊರಿಗೆಲ್ಲ ಸಾರುವ ಸಾಹೇಬ ತಾನೇ ಉಜ್ಜಿರಲಿಲ್ಲ.

ಕೊನೆಗೆ ಅವಳ ದಾರಿಯಲ್ಲೇ ಹೋದೆ. "ಅವ್ವ, ಶನಿವಾರ ಆಂಜನೇಯಪ್ಪನ ಗುಡೀಲಿ ತಂಬಿಗೆ ಉಜ್ದೆ ನೀರಿಡ್ತಾರಾ?"

"ಎಲ್ಲಾರ ಉಂಟೇನ್ಲಾ?"

"ಮತ್ತೆ ಇವು? ಪಾಚಿ ಕಟ್ಟವೆ ನೋಡು."

ಅವ್ವ ಕುಡಿಕೆಯೊಳಗೆ ಇಣುಕಿದಳು. "ಕೊಟ್ಟ ನೀರ ಎಲ್ಲಿಗ್ಲಾ ಚೆಲ್ಲೋದು?"

"ಚೆಲ್ಬ್ಯಾಡ. ಮಣ್ ಮಾಡಿರೋ ಜಾಗಕ್ಕೆ ಉಯ್ಯಿ. ಸತ್ತ ತಾಯಿಗೇ ಸೇರ್ತದೆ."

ಒಣಮಣ್ಣಿಗೆ ಬಿದ್ದ ಸೊಳ್ಳೆಮರಿ ಬದುಕುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳಿಸಿಕೊಳ್ಳುತ್ತಿರಲಿಲ್ಲವೇನೋ. ಅವಳ ಕಣ್ಣು ತುಂಬಿತ್ತು.

ಆಮೇಲೆ ಶನಿವಾರದ ಬೆಳಗ್ಗೆ ನಮ್ಮಿಬ್ಬರಿಗೂ ತೋಪಿನಲ್ಲೇ ಕೆಲಸ. ನಾನು ಕುಡಿಕೆ ಇಳಿಸುವುದು, ಅವಳು ತೆಂಗಿನ ನಾರು ಹಿಡಿದು ಒಳಗೋಡೆ ತಿಕ್ಕುವುದು. ನನ್ನ ತಿಕ್ಕಾಟ ಅವಳಿಗೆ ಯಾವತ್ತೂ ಸರಿಹೋಗದು. ಬೈಸಿಕೊಳ್ಳುತ್ತಾ, ಹೊಂಗೆಯ ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಾ, ಇಷ್ಟು ಹೊತ್ತು ಅವ್ವನ ಜೊತೆ ನಾನು ಕೂತದ್ದು ಚಿಕ್ಕಂದಿನ ಮೇಲೆ ಇದೇ ಮೊದಲು. ಸುಖವಾಗಿತ್ತು.

ಮೊನ್ನೆ ಶನಿವಾರ ಏಳನೇ ಕುಡಿಕೆ ಕಟ್ಟಿ ದೂರ ಬಂದು ಕೂತಿದ್ದೆವು. ಹಿಂಡು ಇಳಿಯಿತು. ಬಾಲ ಮೊಂಡಾದ ಆ ಮರಿ, ಈಗ ಅರ್ಧ ಬೆಳೆದದ್ದು, ಕೊಂಬೆಯ ಮೇಲೆ ಬಗ್ಗಿ ಕುಡಿಕೆಗೆ ಬಾಯಿಟ್ಟಿತು. ವೈರಸ್ಸು ಕಾಯುವುದೂ ಇಂಥ ಮರಿಗೇ ಎಂಬ ಪಾಠ ನೆನಪಾಯಿತು. ಆದರೆ ನೀರು ನಾವೇ ಆಗಷ್ಟೇ ತುಂಬಿದ್ದು, ಕುಡಿಕೆ ಅವ್ವನ ಕೈಯಲ್ಲಿ ತಿಕ್ಕಿದ್ದು.

ಅವ್ವ ಮಿಸುಕಲಿಲ್ಲ. ಮರಿ ಕುಡಿದು ಹೋಗುವವರೆಗೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು.

"ಮನ್ಗೋಗಿ ಕಡ್ಲೆಕಾಯಿ ಬೇಯಿಸ್ತೀನಿ ಕಣ್ಲಾ. ನಂಗೂ ತಿನ್ನಂಗಾಗದೆ."