ಅಕ್ಕನ ಗೊಬ್ಬರಕ್ಕೆ ಬಂದ ಹಸಿರು ಬೂಷ್ಟು

ದೇವದುರ್ಗದ ಕಡೆ ಇರುವ ನಮ್ಮ ಅಕ್ಕನ ಹೊಲದಲ್ಲಿ ಒಂದು ಮೂಲೆಯ ತೊಗರಿ ಪ್ರತಿವರ್ಷ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುತ್ತಿತ್ತು. ಮಣ್ಣಿನಿಂದ ಬರುವ ನೆಟೆ ರೋಗ. ಅವ್ವ ಕೊನೆಯವರೆಗೂ ತನ್ನ ಕೈಯಾರೆ ತೊಗರಿ ಬಿತ್ತುತ್ತಿದ್ದ ಮೂಲೆ ಅದು. "ಈ ಸಲನೂ ಒಣಗಿದ್ರ ಅಲ್ಲಿ ಜ್ವಾಳ ಹಾಕ್ತೀನಿ," ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು.

ನಾನು ರಾಯಚೂರಿಗೆ ಹೋಗಿ ಟ್ರೈಕೋಡರ್ಮಾ ತಂದೆ. ಬೇರು ಕೊಳೆಸುವ ಕೆಟ್ಟ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ಜೀವ ಇರುವ ಪುಡಿ, ಬಿಸಿಲು ತಾಗಬಾರದು ಎಂದು ಅಂಗಡಿಯವರು ನನ್ನಂಥ ಅತಿಚಿಂತೆಯವನಿಗೆ ಹೇಳಬಾರದಿತ್ತು. ಮಾನ್ವಿಯ ನಮ್ಮ ಮನೆಯಿಂದ ದೇವದುರ್ಗದ ಬಸ್ಸು ಹತ್ತಿದಾಗ ಅದು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲಿತ್ತು. ಪಕ್ಕದ ಅಜ್ಜಿ ಕೇಳಿದಳು: "ಕೂಸಿಗೆ ಜ್ವರ ಬಂದಾವೇನ್ರೀ?"

ಬೇವಿನ ನೆರಳಲ್ಲಿ ಕೊಟ್ಟಿಗೆ ಗೊಬ್ಬರಕ್ಕೆ ಪುಡಿ ಬೆರೆಸಿ, ಹಸಿ ಗೋಣಿಚೀಲ ಹೊದಿಸಿದೆವು. "ಹದಿನೈದು ದಿನ ಹಸಿ ಆರಬಾರದು. ಮೈತುಂಬ ಹಸಿರು ಬರಬೇಕು," ಎಂದು ಮೂರು ಸಲ ಹೇಳಿದೆ. ಆಮೇಲೆ ದಿನಾ ಫೋನು.

"ಲೇ ತಮ್ಮಾ, ನನ್ನ ಬಾಣಂತನದಾಗೂ ನೀ ಇಷ್ಟು ಕೇಳಿದ್ದಿಲ್ಲ."

ಹದಿನೈದನೇ ದಿನ ಹೋದಾಗ ಅಕ್ಕ ನೀರಿಗೆ ಹೋಗಿದ್ದಳು. ಚೀಲ ಎತ್ತಿದೆ. ಎಲ್ಲೆಲ್ಲೂ ಹಸಿರು ಬೂಷ್ಟು! ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಯಾಗಲಿ, ಹಪ್ಪಳವಾಗಲಿ, ಬೂಷ್ಟಿಗೆ ಒಂದೇ ಮದ್ದು: ಬಿಸಿಲು. ಕೈ ತಾನಾಗಿ ಸಲಿಕೆ ಹಿಡಿಯಿತು. ಅಕ್ಕ ಬರುವಷ್ಟರಲ್ಲಿ ಅರ್ಧ ಗೊಬ್ಬರ ಸುಡುಬಿಸಿಲಲ್ಲಿ ಹರವಿತ್ತು.

"ಏನು ಮಾಡಾಕತ್ತೀಯೋ?"

"ಯಕ್ಕಾ, ಎಲ್ಲಾ ಕೆಟ್ಟು ಹೋಗ್ಯಾದ! ಬೂಷ್ಟು!"

ಅವಳು ಕೊಡ ಇಳಿಸಿದಳು. "ಹಸಿರು ಬರಬೇಕಂತ ಮೂರು ಸಲ ಹೇಳಿದಾಂವ ಯಾರು, ನಮ್ಮಪ್ಪನಾ?"

ಬೈದದ್ದು ಅಷ್ಟೇ. ನೆರಳಿನ ಗೊಬ್ಬರವನ್ನು ಆ ಮೂಲೆಯ ಒಂದು ಮಗ್ಗುಲಿಗೆ, ನಾನು ಒಣಗಿಸಿದ್ದನ್ನು ಇನ್ನೊಂದು ಮಗ್ಗುಲಿಗೆ ಹಾಕಿಸಿ ತೊಗರಿ ಬಿತ್ತಿದಳು.

ಹೂವಿನ ಕಾಲಕ್ಕೆ ಹೆದರುತ್ತಲೇ ಹೋದೆ. ಒಂದು ಮಗ್ಗುಲಲ್ಲಿ ತೊಗರಿ ಎದೆಯೆತ್ತರ, ಹಳದಿ ಹಳದಿ. ಇನ್ನೊಂದರಲ್ಲಿ ಅಲ್ಲಲ್ಲಿ ತಲೆ ಬಾಗಿಸಿ ಒಣಗಿದ ಗಿಡಗಳು.

"ಅವ್ವನ ಮೂಲಿ ಉಳೀತು, ನೋಡು," ಎಂದಳು ಅಕ್ಕ, ಹೂವಿನ ಟೊಂಗೆಯೊಂದನ್ನು ಸವರುತ್ತ.

"ಆ ಕಡೀದು?"

"ಅದು ನಿಂದು. ಮುಂದಿನ ವರ್ಷ ಅದಕ್ಕೂ ನೆರಳಿನ ಗೊಬ್ಬರ ಹಾಕೂಣು. ಸಲಿಕಿ ಮಾತ್ರ ನಾ ಬಚ್ಚಿಡ್ತೀನಿ."

ಅಷ್ಟರಲ್ಲಿ ನಾನು, ಮುಂದಿನ ವರ್ಷ ಆ ಪುಡಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಗೆ ಬಿದ್ದಿದ್ದೆ.