ಪೀಣ್ಯದಲ್ಲಿ ಪ್ಲಗ್ ಕೀಳುವ ವಾಸಂತಿ

ಗೋಡೆಯಿಂದ ಪ್ಲಗ್ಗನ್ನು ವಾಸಂತಿ ಒಂದೇ ಏಟಿಗೆ ಕಿತ್ತುಬಿಡುತ್ತಾರೆ. ಪರದೆ ಕಪ್ಪಾಗುತ್ತದೆ. ಕಂಪ್ಯೂಟರಿನೊಳಗಿನ ಫ್ಯಾನು ಇನ್ನೊಂದೆರಡು ಸುತ್ತು ಹಾಕಿ ನಿಲ್ಲುತ್ತದೆ. ಈಗಷ್ಟೇ ಡಿಸ್ಕುಗಳು ರಾಶಿ ರಾಶಿ ಫೈಲುಗಳನ್ನು ಬರೆಸಿಕೊಳ್ಳುತ್ತಿದ್ದವು. ಎಲ್ಲ ಅರ್ಧಕ್ಕೇ ನಿಂತಿದೆ.

"ಬೆಳಕಾಗ್ತಿದ್ದಂಗೇ ಸುರು ಹಚ್ಕೊಂಡ್ಯಾ?" ಪಕ್ಕದ ಶೆಡ್ಡಿನಲ್ಲಿ ಡೈ, ಅಂದರೆ ಲೋಹದ ಅಚ್ಚು, ತಯಾರಿಸುವ ನಲ್ಲಪ್ಪ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ಚೆನ್ನಾಗಿರೋ ಮಿಷನ್ನ ದಿನಾ ಇಂಗೆ ಸಾಯಿಸ್ತೀಯಲ್ಲಮ್ಮ, ಏನ್ ಪಾಪ ಮಾಡೈತೆ ಅದು?"

"ಸಾಯ್ಸಿದ್ರೆ ತಾನೇ ನಲ್ಲಪ್ಪಣ್ಣ, ಎದ್ಮೇಲೆ ಅದಕ್ಕೆ ಏನೇನು ನೆನಪಿದೆ ಅಂತ ಗೊತ್ತಾಗೋದು? ನಾನು ಬಿಟ್ರೆ ಕರೆಂಟಿನವರು ಸಾಯಿಸ್ತಾರೆ. ಆಗ ನೀವು ಬೈಯೋದು ನನ್ನನ್ನೇ."

ನಲ್ಲಪ್ಪನವರ ನಗು ರಸ್ತೆಯವರೆಗೂ ಕೇಳುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಲೇತುಗಳ ಸದ್ದು ಇನ್ನೂ ಏರಿಲ್ಲ. ವಾಸಂತಿಯವರಿಗೆ ಬೇಕಾದದ್ದೂ ಈ ಹೊತ್ತೇ. ಎಂಟು ದಾಟಿದರೆ ಕಂಪ್ಯೂಟರ್ ರಿಪೇರಿಗೆ ಜನ ಬರುತ್ತಾರೆ, ಹೊಟ್ಟೆಪಾಡು ಅದು. ಅದಕ್ಕೆ ಮುಂಚಿನದೆಲ್ಲ ಕಾರ್ಡಿನದು.

ಕಾರ್ಡು ಅಂಗೈಯಗಲದ್ದು, ಹಸಿರು. ಹೆಸರು ಸ್ಟೋರೇಜ್ ಕಂಟ್ರೋಲರ್. ಕಂಪ್ಯೂಟರಿಗೂ ಡಿಸ್ಕುಗಳಿಗೂ ನಡುವೆ ಕೂತು, ಯಾವ ಮಾಹಿತಿ ಯಾವ ಡಿಸ್ಕಿಗೆ ಎಂದು ಹಂಚುವುದು ಅದರ ಕೆಲಸ. ಅದರೊಡನೆ ಮಾತಾಡಲು ಆಪರೇಟಿಂಗ್ ಸಿಸ್ಟಮ್ಮಿಗೆ ಒಬ್ಬ ದುಭಾಷಿ ಬೇಕು. ಡ್ರೈವರ್ ಎನ್ನುವುದು ಆ ದುಭಾಷಿಯನ್ನೇ. ಕಾರ್ಡು ಮಾಡಿದ ಕಂಪನಿ ಅದನ್ನು ಎಂದೋ ಕೈಬಿಟ್ಟಿದೆ. ಆದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಯುನಿಕ್ಸ್ ಜಾತಿಯ ಒಂದು ಸಿಸ್ಟಮ್ಮಿನಲ್ಲಿ ಅದರ ಡ್ರೈವರ್ ಇನ್ನೂ ಉಸಿರಾಡುತ್ತಿದೆ. ಉಸಿರು ಹಿಡಿದಿಟ್ಟವರು ವಾಸಂತಿ.

ಅಪ್ಪ ಪುಟ್ಟಣ್ಣ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಸರ್ವಿಸ್ ಕಂಪನಿಯೊಂದಕ್ಕೆ ಸೇರಿದರು. ಅದು ಬಾಗಿಲು ಹಾಕಿದಾಗ ಗುಜರಿಗೆ ಹೊರಟಿದ್ದ ಕಾರ್ಡುಗಳನ್ನು ಎತ್ತಿಕೊಂಡು ಬಂದು ಈ ಅಂಗಡಿ ತೆರೆದರು. ಇಂಥದ್ದೇ ಕಾರ್ಡಿದ್ದ ನಲ್ಲಪ್ಪನವರ ಕಂಪ್ಯೂಟರು ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದದ್ದೇ ತಡ, ಡೈಗಳ ನಕ್ಷೆಗಳನ್ನೆಲ್ಲ ನುಂಗಿ ಕೂತಿತು.

"ಅವರು ಅಳ್ಲಿಲ್ಲ, ಕೂಗಾಡ್ಲಿಲ್ಲ. ಸ್ಟೂಲ್ ಮೇಲೆ ಕೂತು ಸುಮ್ನೆ ಪರದೆ ನೋಡ್ತಿದ್ರು. ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ" ಎನ್ನುತ್ತಾರೆ ವಾಸಂತಿ. ತಪ್ಪು ಡ್ರೈವರಿನಲ್ಲಿತ್ತು. ಬರೆಯುವುದು ಮುಗಿಯುವ ಮೊದಲೇ 'ಬರೆದಾಯಿತು' ಎನ್ನುತ್ತಿತ್ತು. ಅದನ್ನು ಹುಡುಕಿ, ಸಿಸ್ಟಮ್ ಕಟ್ಟುವ ದೂರದೇಶದ ಮಂದಿಗೆ ತಮ್ಮ ಮುರುಕು ಇಂಗ್ಲಿಷಿನಲ್ಲೇ ಬರೆದರು. ಅವರು ತಿದ್ದಿಕೊಂಡರು. ಅಲ್ಲಿಂದ ಪ್ಲಗ್ ಕೀಳುವುದು ವಾಸಂತಿಯವರ ವ್ರತವಾಯಿತು.

ಆ ಮಂದಿಯಲ್ಲಿ ಒಂದು ಕಟ್ಟಳೆಯಿದೆ. ಡ್ರೈವರಿಗೆ ಏನೇ ತಿದ್ದುಪಡಿಯಾಗಲಿ, ನಿಜವಾದ ಕಾರ್ಡಿನ ಮೇಲೆ ಪರೀಕ್ಷಿಸಿದವರು ಅದರ ಕೆಳಗೆ ತಮ್ಮ ಹೆಸರು ಬರೆಯಬೇಕು. ಹೆಸರಿಲ್ಲದ ಡ್ರೈವರಿಗೆ ಹೊಸ ಆವೃತ್ತಿಯಲ್ಲಿ ಜಾಗವಿಲ್ಲ. ಈ ಕಾರ್ಡಿನ ಡ್ರೈವರಿಗೆ ಹೆಸರು ಹಾಕುತ್ತ ಬಂದವರು ವಾಸಂತಿ ಒಬ್ಬರೇ.

ಇವತ್ತು ಸಂಜೆಗೆ ಗಡುವು. ಹೊಸ ಆವೃತ್ತಿಗೆಂದು ಡ್ರೈವರನ್ನು ಪೂರ್ತಿ ಹೊಸದಾಗಿ ಬರೆದ ಚಿನ್ಮಯ್, ವೈಟ್‌ಫೀಲ್ಡ್‌ನ ಕಂಪನಿಯೊಂದರ ಎಂಜಿನಿಯರ್, ಮೊದಲ ಮೆಟ್ರೋ ಹಿಡಿದು ಬಂದಿದ್ದಾರೆ. ಒಳ್ಳೆಯ ಕೆಲಸಗಾರ, ಅವರ ಕೋಡನ್ನು ವಾಸಂತಿ ಬಾಯ್ತುಂಬ ಹೊಗಳುತ್ತಾರೆ. ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಇಬ್ಬರೂ ಪರದೆಯ ಮುಂದೆ ಬಾಗಿ ಕಂಪ್ಯೂಟರ್ ಏಳುವುದನ್ನು ಕಾಯುತ್ತಾರೆ.

ಏಳುತ್ತದೆ. ಕೊನೆಯಲ್ಲಿ ಬರೆಸಿದ ಫೈಲುಗಳು ಇಲ್ಲ. 'ಬರೆದಾಯಿತು' ಎಂದು ಡ್ರೈವರ್ ಒಪ್ಪಿಸಿದ್ದ ಫೈಲುಗಳೇ ಅವು.

"ನಮ್ಮಲ್ಲಿ ಒಂದ್ಸಲಾನೂ ಹಿಂಗಾಗಿಲ್ಲ ಅಕ್ಕ."

"ನಿಮ್ಮಲ್ಲಿ ಕರೆಂಟ್ ಎಲ್ಲಿ ಹೋಗುತ್ತಪ್ಪ? ನೆಲಮಾಳಿಗೆ ತುಂಬಾ ಬ್ಯಾಟರಿ ಇಟ್ಕೊಂಡಿದ್ದೀರ."

ಚಿನ್ಮಯ್ ನಗುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ಮತ್ತೊಮ್ಮೆ ಮಾಡಿಸುತ್ತಾರೆ. ಈ ಸಲ ಫೈಲುಗಳೆಲ್ಲ ಇವೆ. ಮೂರನೆಯ ಸಲ ಮತ್ತೆ ಇಲ್ಲ. ಬಾಗಿಲಲ್ಲಿದ್ದ ನಲ್ಲಪ್ಪನವರ ಲೋಟದಲ್ಲಿ ಚಹಾ ಕೆನೆಗಟ್ಟಿದೆ.

"ಯಾವಾಗ್ಲೋ ಒಂದೊಂದ್ಸಲ ಆಗೋದು ಅಕ್ಕ. ಹುಡುಕಕ್ಕೆ ಎರಡು ವಾರನಾದ್ರೂ ಬೇಕು. ಈಗ ಹೆಸರು ಹಾಕಿಬಿಡಿ, ಡ್ರೈವರ್ ಉಳ್ಕೊಳ್ಳುತ್ತೆ. ಆಮೇಲೆ ನಾನೇ ಸರಿಮಾಡ್ತೀನಿ, ಆಣೆ. ಇಲ್ದಿದ್ರೆ ಸಂಜೆ ಕಿತ್ತು ಹಾಕ್ತಾರೆ. ಇಷ್ಟು ವರ್ಷದ ನಿಮ್ಮ ಕೆಲಸ!"

"ಕಿತ್ತಿದ್ದನ್ನ ಮುಂದಿನ ಆವೃತ್ತಿಗೆ ವಾಪಸ್ ಸೇರಿಸ್ಬಹುದು ಚಿನ್ಮಯ್. ನಾನೇ ಹಿಂದೆ ಬಿದ್ದು ಸೇರಿಸ್ತೀನಿ. ಅಲ್ಲೀವರೆಗೂ ನಲ್ಲಪ್ಪಣ್ಣನಂಥವರೆಲ್ಲ ಹಳೇ ಆವೃತ್ತಿಯಲ್ಲೇ ಇರ್ಲಿ. ಹೋದ ನಕ್ಷೆ ವಾಪಸ್ ಬರುತ್ತಾ?"

ನಲ್ಲಪ್ಪ ಇಬ್ಬರ ಮುಖವನ್ನೂ ನೋಡುತ್ತಾರೆ. "ಅಂಗಾದ್ರೆ ನಾನು ಹೊಸದನ್ನ ಹಾಕಿಸ್ಕೋಬಾರ್ದಾ?"

"ನಾನು ಹೇಳೋವರೆಗೂ ಮುಟ್ಬೇಡಿ."

ಚಿನ್ಮಯ್ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸುತ್ತಾರೆ. ಸಿಸ್ಟಮ್ ಕಟ್ಟುವ ಮಂದಿಗೆ ಮೇಲ್ ಸಿದ್ಧವಿದೆ, ಪರೀಕ್ಷಿಸಿದವರೆಂದು ವಾಸಂತಿಯವರ ಹೆಸರೂ ಅದರಲ್ಲಿದೆ, ಕಳುಹಿಸುವುದಷ್ಟೇ ಬಾಕಿ. "ಕಂಪನಿಯಲ್ಲೂ ಮಾತಾಡಿದ್ದೀನಿ ಅಕ್ಕ. ಈ ಮೇಲ್ ಹೋದ್ರೆ ನಿಮಗೆ ಹೊಸ ಸರ್ವರ್ ಕೊಡ್ತಾರೆ. ನಿಮ್ಮನ್ನೇ ಮುಖ್ಯ ಟೆಸ್ಟರ್ ಅಂತ ತಗೋತಾರೆ, ಮನೆಯಿಂದ್ಲೇ ಕೆಲಸ. 'ಹ್ಞೂಂ' ಅನ್ನಿ ಸಾಕು."

ವಾಸಂತಿ ಕೀಬೋರ್ಡಿಗೆ ಕೈ ಚಾಚಿ, ತಮ್ಮ ಹೆಸರಿನ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸುತ್ತಾರೆ.

"ಬೇಡ. ನಾನು ಹಾಕಲ್ಲ."