ತಿರುಗಿ ಬಾರದ ಲಾಳಿ

ನನ್ನ ತಂಗಿಯನ್ನು ಮನೆಯಲ್ಲಿ ಗಿಲಕಿ ಅಂತ ಕರೆಯುತ್ತಿದ್ದೆವು. ಬಾಯಿ ಮುಚ್ಚಿದ್ದೇ ಇಲ್ಲ. ವಿದ್ಯುತ್ ಮಗ್ಗಗಳ ಆ ಗದ್ದಲದಲ್ಲೂ ನನ್ನ ಕಿವಿಗೆ ಬಾಯಿಟ್ಟು ಮೇಸ್ತ್ರಿಯ ನಡಿಗೆಯನ್ನು ಆಡಿಕೊಂಡು ನಗುವಳು. ಅವಳದೊಂದು ಮಗ್ಗ, ಪಕ್ಕದ್ದು ನನ್ನದು.

ಒಂದು ಮಧ್ಯಾಹ್ನ ಅವಳ ಮಗ್ಗದಲ್ಲಿ ಎಳೆ ಸಿಕ್ಕುಬಿತ್ತು. ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ ದಾರಿ ತಪ್ಪಿ ಹಾರಿ, ಅದರ ಚೂಪು ತುದಿ ನನ್ನ ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಗಾಜಿನದು ಹಾಕಿಸಿಕೊಂಡು ನಾನು ಮತ್ತೆ ಕೆಲಸಕ್ಕೆ ಹೋದೆ. ಗಿಲಕಿ ಹೋಗಲಿಲ್ಲ.

ತಟ್ಟೆ ಬಿದ್ದರೂ ಗೋಡೆಗೆ ಅಂಟಿ ನಡುಗುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ನನ್ನ ಮುಖ ನೋಡುವುದನ್ನೇ ಬಿಟ್ಟಳು. ಮಾತಾಡಿಸಿದರೆ ನನ್ನ ಕಾಲು ನೋಡುವಳು. "ನಿಂದೇನೂ ತಪ್ಪಿಲ್ಲ ಕಣೇ" ಅಂತ ಹೇಳಿ ಹೇಳಿ ಸಾಕಾಯಿತು. ಕಣ್ಣಿನ ಜೊತೆ ತಂಗಿಯೂ ಕೈಬಿಟ್ಟು ಹೋಗುತ್ತಾಳೇನೋ ಅಂತ ನನಗೆ ದಿಗಿಲು.

ಕೊನೆಗೆ ಆಸ್ಪತ್ರೆಯ ಮನೋವೈದ್ಯೆಯ ಹತ್ತಿರ ಎಳೆದುಕೊಂಡು ಹೋದೆ. ನಾನಿಲ್ಲದೆ ಒಳಗೆ ಬರಲ್ಲ ಅಂದಳು, ಅವಳ ಬೆನ್ನ ಹಿಂದೆಯೇ ಕೂತೆ.

"ನೋಡೀಮ್ಮಾ, ಆ ದಿನಾನ ಮನಸ್ಸಲ್ಲಿ ಇಟ್ಕೊಂಡು, ತಲೆ ಅಲ್ಲಾಡಿಸ್ದೆ ನನ್ನ ಬೆರಳನ್ನೇ ಕಣ್ಣಲ್ಲಿ ಹಿಂಬಾಲಿಸಿ" ಅಂದರು ವೈದ್ಯೆ.

ಬೆರಳಾಡಿಸಿದರೆ ಭಯ ಹೋಗುವುದಾದರೆ ಮನೆಯಲ್ಲಿ ನಾನೇ ಆಡಿಸುತ್ತಿದ್ದೆ ಅಂತ ಒಳಗೊಳಗೇ ಗೊಣಗಿದೆ.

ಬೆರಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಓಡಿತು. ಗಿಲಕಿಯ ಕತ್ತಿನ ನರ ಉಬ್ಬಿತು. ವೈದ್ಯೆ ಕೈಯನ್ನು ಬಲತುದಿಯಲ್ಲಿ ನಿಲ್ಲಿಸಿದರು, ಅಷ್ಟೇ. ಹೋದ ಲಾಳಿ ತಿರುಗಿ ಬರಲಿಲ್ಲ ಅಂದರೆ ಹಾರಿತು ಅಂತಲೇ ಮಗ್ಗದವರಿಗೆ ಲೆಕ್ಕ. ಗಿಲಕಿ ಚೀರಿಕೊಂಡು ನನ್ನತ್ತ ಹಾರಿ, ಎರಡೂ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು.

"ಅಕ್ಕಾ, ಬಗ್ಗು!"

ನಾನೂ ಬಗ್ಗಿಬಿಟ್ಟೆ. ಆ ದಿನ ಅವಳ ಗಂಟಲಲ್ಲೇ ಉಳಿದಿದ್ದ ಮಾತು ಅದು.

ಲಾಳಿಯ ವಿಷಯ ನಾನು ಬಿಡಿಸಿ ಹೇಳಿದ ಮೇಲೆ ವೈದ್ಯೆ ಬೆರಳಾಡಿಸುವುದನ್ನು ಬಿಟ್ಟರು. ಅವಳ ಎರಡು ಮಂಡಿಯನ್ನು ಒಂದಾದ ಮೇಲೊಂದು ಮೆಲ್ಲಗೆ ತಟ್ಟುತ್ತಾ ಆ ದಿನವನ್ನು ನೆನೆಯಲು ಹೇಳುತ್ತಿದ್ದರು. "ನೆನಪು ಹೋಗಲ್ಲ, ಅದು ಕಚ್ಚೋದು ಕಮ್ಮಿಯಾಗುತ್ತೆ" ಅಂದರು. ಮೊದಲ ಕೆಲವು ವಾರ, ಅಲ್ಲಿಂದ ಮನೆಗೆ ಬಂದ ಮೇಲೆ ಇನ್ನೂ ಹೆಚ್ಚು ನಡುಗುವಳು. ಬಿಟ್ಟುಬಿಡೋಣ ಅಂತ ನನಗೇ ಅನ್ನಿಸಿತ್ತು.

ಒಂದು ದಿನ ಗಿಲಕಿಯೇ ಬಾಯಿಬಿಟ್ಟಳು. "ಡಾಕ್ಟ್ರೇ, ಇವತ್ತು ಬೆರಳೇ ಆಡ್ಸಿ. ತುದೀಲಿ ಮಾತ್ರ ನಿಲ್ಲಿಸ್ಬೇಡಿ."

ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ಬೆರಳು ಹೋಯಿತು, ಬಂತು. ಹೋಯಿತು, ಬಂತು. ಕೊನೆಗೆ ಅವಳ ಎದುರಿಗೇ, ನಟ್ಟನಡುವೆ ನಿಂತಿತು. ಗಿಲಕಿ ಉಸಿರು ಬಿಟ್ಟು, ತಿರುಗಿ, ನನ್ನ ಮುಖವನ್ನೇ ನೋಡಿದಳು. ಮತ್ತೆ ಚೀರುತ್ತಾಳೆ ಅಂತ ನಾನು ಹಲ್ಲು ಕಚ್ಚಿ ಕೂತೆ.

"ಅಕ್ಕಾ, ಆ ಕಣ್ಣಿನ ಬಣ್ಣ ಬೇರೆ ಇದೆಯಲ್ಲಕ್ಕಾ!"

"ಈಗ ಕಾಣಿಸ್ತೇನೇ? ಎರಡು ವರ್ಷದಿಂದ ಇದೇ ಬಣ್ಣ."

ಗಾಜಿನ ಕಣ್ಣಿಂದಲೂ ನೀರು ಬರುತ್ತದೆ ಅಂತ ಅವಳಿಗೆ ಗೊತ್ತಾದದ್ದು ಅವತ್ತೇ. ತನ್ನ ಅಂಗೈಯಿಂದಲೇ ಒರೆಸಿದಳು.